ಮೂರನೆಯ ಹಾಳೆಯ ಸ್ಕೇಲು

ಅಂಗೈಯ ಮೇಲಿನ ಲಿಂಗವನ್ನು ದಿಟ್ಟಿಸುತ್ತ ಕೂತಾಗಲೂ ಚಂದ್ರಾಮಪ್ಪನಿಗೆ ಕಾಣುತ್ತಿದ್ದುದು ಕಾಲುವೆ ಮೋರಿಯ ನಕ್ಷೆಯ ಮೂರನೆಯ ಹಾಳೆ. ರೆಪ್ಪೆ ಬಡಿದರೆ ಹೋಗುತ್ತಿತ್ತು, ದೃಷ್ಟಿ ನೆಟ್ಟರೆ ಮತ್ತೆ ಬರುತ್ತಿತ್ತು. ಬಲಗಡೆ ಕೆಳಮೂಲೆಯಲ್ಲಿ ಹೆಸರಿನ ಚೌಕ, ಚೌಕದೊಳಗೆ ಸ್ಕೇಲು ಐವತ್ತಕ್ಕೆ ಒಂದು ಎಂಬ ಬರಹ, ಅದರ ಮೇಲೆ ಮೋರಿಯ ಎರಡು ಗೋಡೆ, ಗೋಡೆಯಿಂದ ಗೋಡೆಗೆ ಅಡ್ಡ ಮಲಗಿದ ಹಾಸುಬಂಡೆ. ಪೂಜೆಯ ಹೊತ್ತಿನಲ್ಲಿ ಏನನ್ನೂ ಬೇಡಬಾರದೆಂದು ಅವನು ಮೂವತ್ತು ವರ್ಷದಿಂದ ನಿಯಮ ಇಟ್ಟುಕೊಂಡಿದ್ದ. ಹೆಂಡತಿ ದೇವಕಮ್ಮ ಆಸ್ಪತ್ರೆಯಲ್ಲಿ ಮಲಗಿದ ಹನ್ನೊಂದು ದಿನವೂ ಆ ನಿಯಮ ಮುರಿದಿರಲಿಲ್ಲ. ಈಗ ಮೂರು ದಿನದಿಂದ ಮುರಿಯುತ್ತಿದ್ದ. ಬೇಡುತ್ತಿದ್ದುದಾದರೂ ಏನು? ಕ್ಷಮೆಯನ್ನಲ್ಲ. ಬಂಡೆಗಳು ಹೇಗಾದರೂ ಗೋಡೆಯಿಂದ ಗೋಡೆಗೆ ಮುಟ್ಟಲಿ ಎಂದು. ಕಡಿದ ಕಲ್ಲು ಬೆಳೆಯುವುದಿಲ್ಲ ಎಂಬುದು ಅರವತ್ತು ದಾಟಿದವನಿಗೆ ಗೊತ್ತಿರಬೇಕು. ಗೊತ್ತಿದ್ದೂ ಬೇಡುತ್ತಿದ್ದ. ಬೇಡಿದ ಮೇಲೆ ನಾಚಿಕೆಯಾಗಿ ವಿಭೂತಿಯ ಬಟ್ಟಲನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ಸರಿಸಿ ಇಡುತ್ತಿದ್ದ.

“ಚಾ ಆರಾಕತ್ತದ,” ಎಂದಳು ಅಡುಗೆಮನೆಯಿಂದ ಸಾಯಬಮ್ಮ. ಅವಳು ಅವನ ಅಕ್ಕ. ಗಂಡ ಹೋದ ಮೇಲೆ ಕೊಡೇಕಲ್ಲಿನಲ್ಲಿ ಇದ್ದವಳು, ತಮ್ಮನ ಹೆಂಡತಿ ಹೋದ ಮೇಲೆ ಇಲ್ಲಿ ಶಹಾಪುರಕ್ಕೆ ಬಂದಿದ್ದಳು.

“ಬಂದೆ.”

“ಮೂರು ದಿನ ಆತು, ಪೂಜಿ ಅರ್ಧಾ ತಾಸು ಉದ್ದ ಆಗ್ಯದ. ಹೋದಾಕಿ ಸಲುವಾಗಿ ಮಾಡ್ತಿದ್ರ ಮಾಡು, ಬ್ಯಾಡ ಅನ್ನಂಗಿಲ್ಲ. ಆದ್ರ ಚಾ ನಾ ಎರಡನೇ ಸಲ ಕಾಸಂಗಿಲ್ಲ.”

ಅವನು ಬಂದು ಆರಿದ ಚಹಾವನ್ನೇ ಕುಡಿದ. ದೇವಕಮ್ಮ ಹೋಗಿ ನಲವತ್ತೊಂದನೆಯ ದಿನ ಇವತ್ತು. ಅಕ್ಕ ಅದನ್ನು ಲೆಕ್ಕ ಇಟ್ಟಿದ್ದಳೋ ಇಲ್ಲವೋ. ಅವನಂತೂ ಇಡುತ್ತಿದ್ದ, ಇಡಬಾರದೆಂದುಕೊಂಡರೂ. ಜನ ಅವನನ್ನು ನೋಡಿದ ಕೂಡಲೇ ದನಿ ತಗ್ಗಿಸುತ್ತಿದ್ದರು. ಕಿರಾಣಿ ಅಂಗಡಿಯವನು ಮೊದಲು ಅವನ ಚೀಟಿ ತೆಗೆದುಕೊಳ್ಳುತ್ತಿದ್ದ. ಹತ್ತಿಯ ಗಾಡಿಗಳು ನಿಂತ ಓಣಿಯಲ್ಲಿ ನಡೆದರೆ ಕೂತವರು ಎದ್ದು ದಾರಿ ಬಿಡುತ್ತಿದ್ದರು. ದುಃಖದಲ್ಲಿ ಇರುವ ಮನುಷ್ಯನೆಂದು ಊರು ಅವನಿಗೊಂದು ಜಾಗ ಕೊಟ್ಟಿತ್ತು. ಆ ಜಾಗದಲ್ಲಿ ಅವನು ಸುಮ್ಮನೆ ನಿಂತುಕೊಂಡರೆ ಸಾಕಾಗಿತ್ತು.

ಆಫೀಸು ಬೀಜದ ಅಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು. ಭಾಗಣ್ಣನದು. ಕಾಲುವೆ ಕೆಲಸದ ನಕ್ಷೆಗಳನ್ನು ಬರೆದುಕೊಡುವ ಆಫೀಸು, ಎರಡು ಕಂಪ್ಯೂಟರು, ಒಂದು ದೊಡ್ಡ ಪ್ರಿಂಟರು. ಚಂದ್ರಾಮಪ್ಪ ಸರಕಾರಿ ಕಾಲುವೆ ಕಚೇರಿಯಲ್ಲಿ ನಕ್ಷೆಗಳ ನಕಲು ತೆಗೆಯುವ ಟ್ರೇಸರ್ ಆಗಿ ಸೇರಿ, ಮೂವತ್ತೊಂದು ವರ್ಷ ದುಡಿದು ನಕ್ಷೆಗಾರನಾಗಿ ನಿವೃತ್ತನಾದವನು. ಮಸಿ ಪೆನ್ನು, ಬ್ಲೇಡಿನಿಂದ ಕೆರೆದು ಅಳಿಸಿದ ಗೆರೆ, ಅಮೋನಿಯದ ವಾಸನೆಗೆ ಕಣ್ಣಲ್ಲಿ ನೀರು ಬರುವ ಪ್ರಿಂಟು ಕೋಣೆ. ಈ ಭಾಗದ ಮೇಸ್ತ್ರಿಗಳು ಅವನ ಹಾಳೆಯ ಮೇಲೆ ಅಳತೆಪಟ್ಟಿ ಇಟ್ಟು ಅಳೆದು ಕಟ್ಟುತ್ತಿದ್ದರು. ಬರೆದ ಅಂಕಿ ಓದಬೇಕು, ಹಾಳೆಯನ್ನು ಅಳೆಯಬಾರದು ಎಂಬುದು ಪುಸ್ತಕದ ಮಾತು. ಆದರೆ ಅಂಕಿಗಳು ಮೀಟರಿನಲ್ಲಿ, ಮೇಸ್ತ್ರಿಗಳ ಕೈ ಅಡಿ ಇಂಚಿನಲ್ಲಿ. ಅವರು ತಮ್ಮ ಪಟ್ಟಿಯಿಂದಲೇ ಅಳೆಯುತ್ತಿದ್ದರು, ಅಳೆದದ್ದು ತಪ್ಪುತ್ತಿರಲಿಲ್ಲ. ಅದರಿಂದ ಅವನಿಗೆ ಒಳಗೊಳಗೇ ಒಂದು ಹೆಮ್ಮೆ ಇತ್ತು. ಸಣ್ಣ ತುಂಡುಗಳಿಗೆ ಕೆಲವು ಸಲ ಅಂಕಿಯನ್ನೇ ಹಾಕುತ್ತಿರಲಿಲ್ಲ, ಅಳೆದುಕೊಳ್ಳುತ್ತಾರೆ ಬಿಡು ಎಂದು. ಆ ಹೆಮ್ಮೆಯನ್ನು ನಂಬಿಯೇ ಭಾಗಣ್ಣ ನಿವೃತ್ತಿಯ ನಂತರ ಅವನನ್ನು ಕರೆದದ್ದು, ಎಲ್ಲ ಹಾಳೆಗಳ ಮೂಲೆಯಲ್ಲೂ “ಬರೆದವರು: ಚಂದ್ರಾಮಪ್ಪ” ಎಂದು ಹಾಕಿದ್ದು. ಬರೆಯುತ್ತಿದ್ದವಳು ಹೆಚ್ಚಾಗಿ ಶರೀಫಾಬೀ. ಯಾದಗಿರಿಯಲ್ಲಿ ಆರು ತಿಂಗಳು ಕಲಿತು ಬಂದವಳು, ಇಪ್ಪತ್ತಾರರ ಹೆಣ್ಣುಮಗಳು. ಮೂಲೆಯಲ್ಲಿ ತನ್ನ ಹೆಸರು ಯಾಕಿಲ್ಲ ಎಂದು ಅವಳು ಒಂದು ಸಲವೂ ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ.

ಅವನಿಗೆ ಕಂಪ್ಯೂಟರು ಕಲಿಸಿದವಳೂ ಅವಳೇ. ಮೊದಲ ದಿನ ಅವನು ಹಳೆಯ ರೂಢಿಯಂತೆ ಎರಡೂವರೆ ಮೀಟರಿನ ಬಂಡೆಯನ್ನು ಐದು ಸೆಂಟಿಮೀಟರು ಮಾಡಿ ಬರೆಯಹೋಗಿದ್ದ.

“ಮಾಸ್ತರ, ಇಲ್ಲಿ ಸಣ್ಣದು ಮಾಡಿ ಬರೀಬ್ಯಾಡ್ರಿ. ಇದ್ದಷ್ಟೇ ಬರೀರಿ. ಎರಡೂವರೆ ಮೀಟರ್ ಬಂಡಿ ಅಂದ್ರ ಎರಡೂವರೆ ಮೀಟರೇ.”

“ಅಷ್ಟು ದೊಡ್ಡದು ಈ ಡಬ್ಬಿಯೊಳಗ ಹ್ಯಾಂಗ ಹಿಡೀತದವ್ವ?”

“ಇಡೀ ಸುರಪುರ ಹಿಡೀತದ್ರಿ, ಗುಡ್ಡ ಸಹಿತ. ಹಾಳಿ ಮ್ಯಾಲ ನಾವು ತೆಗಿಯೋ ಕಿಟಕಿ ಅಷ್ಟೇ ಸಣ್ಣದು. ಕಿಟಕಿಯಿಂದ ಎಷ್ಟು ದೂರ ನಿಂತು ನೋಡ್ತೀರಿ, ಅದೇ ಸ್ಕೇಲು.”

ಕಿಟಕಿಗೆ ಸ್ಕೇಲು ಕೊಟ್ಟ ಕೂಡಲೇ ಕೀಲಿ ಹಾಕಬೇಕು ಎಂದು ಅವಳು ಹೇಳಿದ್ದಳು, ಒಂದಲ್ಲ ನಾಲ್ಕು ಸಲ. ಕೀಲಿ ಹಾಕದೆ ಕಿಟಕಿಯೊಳಗೆ ಹೋಗಿ ಮೌಸಿನ ಚಕ್ರ ತಿರುಗಿಸಿದರೆ ಒಳಗಿನ ಮೋರಿ ಹಿಂದೆ ಮುಂದೆ ಸರಿಯುತ್ತದೆ. ಮೂಲೆಯ ಬರಹ ಮಾತ್ರ ಐವತ್ತು ಎಂದೇ ಹೇಳುತ್ತಿರುತ್ತದೆ. “ಸುಳ್ಳು ಹೇಳಾಕತ್ತದ ಅಂತ ಹಾಳಿ ಮಾರಿ ನೋಡಿದ್ರ ಗೊತ್ತಾಗಂಗಿಲ್ರಿ. ಮನಷ್ಯಾರ್ದು ಬೇಕಾದ್ರ ಗೊತ್ತಾಗ್ತದ,” ಎಂದು ನಕ್ಕಿದ್ದಳು. ಅವನೂ ನಕ್ಕಿದ್ದ. ಮಸಿಯ ಕಾಲದಲ್ಲಿ ಸ್ಕೇಲು ತಪ್ಪಬೇಕಾದರೆ ಮನುಷ್ಯ ಇಡೀ ದಿನ ತಪ್ಪು ಮಾಡುತ್ತಲೇ ಇರಬೇಕಾಗಿತ್ತು, ಗೆರೆಗೆ ಗೆರೆಗೆ. ಇಲ್ಲಿ ಒಂದು ಬೆರಳು ಒಂದು ಹಲ್ಲಿನಷ್ಟು ತಿರುಗಿದರೆ ಮುಗಿಯಿತು.

ಆ ಬೆರಳು ತಿರುಗಿದ್ದು ದೇವಕಮ್ಮ ಹೋದ ಹದಿನಾರನೆಯ ದಿನ. ಅದು ಅವನಿಗೆ ಸ್ಪಷ್ಟವಾಗಿ ನೆನಪಿತ್ತು. ಮರೆಯಬೇಕೆಂದು ಎಷ್ಟು ಒತ್ತಿದರೂ ಅಷ್ಟೇ ಮೇಲೆ ಬರುತ್ತಿತ್ತು. ಮಧ್ಯಾಹ್ನ ಕಳೆದು ಬಿಸಿಲು ಮೆಟ್ಟಿಲ ಕಡೆಗೆ ಸರಿದಿತ್ತು. ಶರೀಫಾಬೀ ಕೆಳಗಿನ ತಳ್ಳುಗಾಡಿಯಿಂದ ಮಿರ್ಚಿ ಭಜಿ ತಂದು ಕಾಗದ ಬಿಚ್ಚಿ ಇಟ್ಟಿದ್ದಳು. ಅವನು ಯಾರನ್ನೂ ಕೇಳದೆ ತಾನೇ ಮೂರನೆಯ ಹಾಳೆಗೆ ಕಿಟಕಿ ತೆರೆದು, ತಾನೇ ಐವತ್ತರ ಸ್ಕೇಲು ಕೊಟ್ಟ. ಮೋರಿ ಬಂದು ಚೌಕದ ನಡುವೆ ಸರಿಯಾಗಿ ಕೂತಿತು. ಮೊದಲ ಸಲಕ್ಕೇ ಕೂತಿತು. ಆಗ ಅವನಿಗೆ ಖುಷಿಯಾಯಿತು. ಎದೆ ಹಗುರಾಗಿ, ಬೆರಳಿನ ತುದಿಯವರೆಗೂ ಇಳಿಯುವಂಥ ಖುಷಿ. ಭಜಿ ತಿಂದ, ಕೈ ಒರೆಸಿಕೊಂಡ, ಯಾವುದೋ ತತ್ವಪದದ ಧಾಟಿ ಗುನುಗುತ್ತ ಕಿಟಕಿಯೊಳಗೆ ಹೋಗಿ ಚಕ್ರ ತಿರುಗಿಸಿದ. ಮೋರಿ ಹತ್ತಿರ ಬಂತು, ಗೋಡೆಯ ಕಲ್ಲಿನ ಸಂದುಗಳು ಕಂಡವು. ಹಿಂದಕ್ಕೆ ತಿರುಗಿಸಿದ, ದೂರ ಹೋಯಿತು. ಮತ್ತೆ ಹತ್ತಿರ, ಮತ್ತೆ ದೂರ. ನೋಡಿದ್ದು ಸಾಕೆನಿಸಿದಾಗ ಮೊದಲಿನಷ್ಟೇ ಇದೆ ಎಂದು ಕಣ್ಣಂದಾಜಿನಲ್ಲಿ ಬಿಟ್ಟು ಪ್ರಿಂಟು ಕೊಟ್ಟ. ಐವತ್ತಲ್ಲ, ಅರವತ್ತರ ಆಸುಪಾಸಿಗೆ ನಿಂತಿತ್ತು ಅದು. ಮೂವತ್ತೊಂದು ವರ್ಷದ ಕಣ್ಣು ಅದನ್ನು ಹಿಡಿಯಲಿಲ್ಲ. ಬಂಡೆಯ ಉದ್ದದ ಅಂಕಿಯನ್ನು ಅವನು ಹಾಕಿರಲಿಲ್ಲ. ಅಳೆದುಕೊಳ್ಳುತ್ತಾರೆ ಬಿಡು. ಆ ಸಂಜೆ ಮನೆಗೆ ಸರಸರ ನಡೆದದ್ದೂ ನೆನಪಿದೆ. ಬಾಗಿಲು ತೆರೆದದ್ದು ಸಾಯಬಮ್ಮ. ಅವಳ ಮುಖ ಕಂಡ ಕೂಡಲೇ ಅವನಿಗೆ ಯಾಕೋ ತಡೆಯಲಾರದ ಸಿಟ್ಟು ಬಂದು, ಚಪ್ಪಲಿ ಹೊಸ್ತಿಲಿಗೆ ಅಡ್ಡ ಬಿದ್ದಾವೆಂದು ಜಗಳ ತೆಗೆದು, ಊಟ ಬಿಟ್ಟು ಮಲಗಿದ್ದ. ಹೆಂಡತಿ ಮಣ್ಣಾಗಿ ಹದಿನಾರು ದಿನಕ್ಕೆ ಖುಷಿಪಟ್ಟಿದ್ದೆ. ಇಂಥ ಮನುಷ್ಯ ನೀನು. ಆ ರಾತ್ರಿಯಿಂದ ಈ ಮಾತನ್ನು ಅವನು ತನಗೆ ಹೇಳಿಕೊಳ್ಳುತ್ತಲೇ ಇದ್ದ.

ಸೋಮವಾರ ಮೋರಿ ಕಟ್ಟುವಲ್ಲಿಂದ ಫೋನು ಬಂದಾಗ ಭಾಗಣ್ಣ ಎರಡು ಮೇಜುಗಳ ನಡುವೆ ಬಂದು ನಿಂತ. ಹದಿನಾಲ್ಕು ಬಂಡೆ ಕಡಿದು ತಂದಿದ್ದಾರೆ, ಒಂದೂ ಮುಟ್ಟವಲ್ಲದು. ಮೂರನೇ ಹಾಳೆ ಯಾರು ಮಾಡಿದ್ದು? ಕೇಳಿದ್ದು ಇಬ್ಬರನ್ನೂ, ನೋಡಿದ್ದು ಶರೀಫಾಬೀಯನ್ನು ಮಾತ್ರ. ಚಂದ್ರಾಮಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸತೊಡಗಿದ. ಒರೆಸುವುದು ಬಹಳ ಹೊತ್ತು ನಡೆಯಿತು. ಶರೀಫಾಬೀ ಅವನ ಕಡೆ ಒಂದು ಸಲ ನೋಡಿ, “ನಂದೇ ಇರಬೇಕ್ರಿ,” ಎಂದಳು. ಇರಬೇಕು ಎಂದಳೇ ಹೊರತು ನಂದೇ ಎನ್ನಲಿಲ್ಲ. ನಾಳೆಯಿಂದ ಬರಬೇಡ ಎಂದ ಭಾಗಣ್ಣ. ಅವಳು ಚೀಲದಲ್ಲಿ ನೀರಿನ ಬಾಟಲಿ, ಟಿಫಿನ್ ಡಬ್ಬಿ ಹಾಕಿಕೊಂಡು, ಕಂಪ್ಯೂಟರಿಗೆ ಬಟ್ಟೆ ಮುಚ್ಚಿ ಹೋದಳು. ಪಾಪ, ತನ್ನದೇ ತಪ್ಪೆಂದು ನಂಬಿದ್ದಾಳೆ ಎಂದು ಚಂದ್ರಾಮಪ್ಪ ಅಂದುಕೊಂಡ. ಹಾಗೆ ಅಂದುಕೊಂಡಾಗ ಅವನಿಗೆ ಸ್ವಲ್ಪ ಸಮಾಧಾನವೂ ಆಯಿತು, ಅದು ಇನ್ನೂ ಕೆಟ್ಟದ್ದು.

ಇವತ್ತು ಗುರುವಾರ. ಮಾಳಿಗೆ ಹತ್ತುವಷ್ಟರಲ್ಲಿ ಭಾಗಣ್ಣ ಮೋಟರ್ ಸೈಕಲ್ಲಿನ ಕೀಲಿಕೈ ಬೆರಳಿಗೆ ಸಿಕ್ಕಿಸಿಕೊಂಡು ನಿಂತಿದ್ದ.

“ಮಾಸ್ತರ, ಮ್ಯಾಲ ಬರಬ್ಯಾಡ್ರಿ. ಸುರಪುರದ ಹಾದಿ ಮೋರಿಗೆ ಹೋಗಬೇಕು. ಇಂಜಿನಿಯರು ಬಂದಾರಂತ. ನೀವು ಬಂದ್ರ ಅವರು ಸ್ವಲ್ಪ ತಣ್ಣಗ ಮಾತಾಡ್ತಾರ.”

“ನಾ ಬಂದು ಏನ ಮಾಡ್ಲಿ?”

“ನಿಲ್ಲ್ರಿ ಸಾಕು. ನಿಮ್ಮ ಮಾರಿ ನೋಡಿದ್ರ ಯಾರಿಗೂ ಒದರಾಕ ಮನಸು ಬರಂಗಿಲ್ಲ ಈಗ.”

ಹಿಂದೆ ಕೂತು ಹೋದ. ಎರಡೂ ಕಡೆ ಭತ್ತ ನಾಟಿಗೆ ಕಾಯುತ್ತಿದ್ದ ಗದ್ದೆಗಳು. ಇವೆಲ್ಲ ತೊಗರಿ, ಜೋಳ ಬೆಳೆಯುತ್ತಿದ್ದ ಹೊಲಗಳು ಎಂಬುದು ಅವನಿಗೆ ನೆನಪಿತ್ತು. ಈ ಕಾಲುವೆಯ ಮೊದಲ ಗೆರೆಯನ್ನು ಮಸಿಯಲ್ಲಿ ಎಳೆದವರಲ್ಲಿ ಅವನೂ ಒಬ್ಬ. ಕಾಗದದ ಮೇಲೆ ಅಂಗೈ ಉದ್ದದ ಗೆರೆ. ದೇವಕಮ್ಮನಿಗೆ ಒಂದು ಸಲ ತೋರಿಸಿದ್ದ. ಇದರಾಗ ನೀರು ಎಲ್ಲಿ ಅದ, ಎಂದು ಕೇಳಿದ್ದಳು. ಬರ್ತದ, ಎಂದಿದ್ದ. ಬಂದಾಗ ಕರೀರಿ, ನೋಡ್ತೀನಿ, ಎಂದು ರೊಟ್ಟಿ ಬಡಿಯಲು ಎದ್ದುಹೋಗಿದ್ದಳು. ಒಂಬತ್ತು ವರ್ಷದ ಮೇಲೆ ನೀರು ಬಂದಾಗ ಕರೆದುಕೊಂಡು ಹೋಗಿದ್ದನೇ? ಹೋಗಿದ್ದ. ಕಾಲು ಇಳಿಬಿಟ್ಟು ಕೂತು, ತಣ್ಣಗ ಅದ ಎಂದಿದ್ದಳು. ಅಷ್ಟೇ ಹೇಳಿದ್ದು. ಅವಳಿಗೆ ಹೆಚ್ಚು ಮಾತು ಬೇಕಿರಲಿಲ್ಲ. ಮಾತೆಲ್ಲ ಅವನದೇ. ಸಂಜೆ ಬಂದು ಆಫೀಸಿನ ಸುದ್ದಿಯನ್ನೆಲ್ಲ ಅವನು ಹೇಳುವುದು, ಅವಳು ಕಾಳು ಹಸನು ಮಾಡುತ್ತ ಹೂಂಗುಟ್ಟುವುದು.

ಮೋರಿಯ ಹತ್ತಿರ ಐದಾರು ಜನ ನೆರೆದಿದ್ದರು. ಹದಿನಾಲ್ಕು ಬಂಡೆ ಸಾಲಾಗಿ ಹುಲ್ಲಿನ ಮೇಲೆ ಮಲಗಿದ್ದವು. ಕಿರಿಯ ಇಂಜಿನಿಯರು ಬಸವಂತ್ರಾಯ ಟೊಪ್ಪಿಗೆ ಹಾಕಿಕೊಂಡು ಗೋಡೆಯ ಮೇಲೆ ನಿಂತಿದ್ದ, ಮಗನ ವಯಸ್ಸಿನವನು. ಚಂದ್ರಾಮಪ್ಪನನ್ನು ಕಂಡು ಕೆಳಗೆ ಇಳಿದು ಬಂದು ಕೈ ಮುಗಿದ. ಮೇಸ್ತ್ರಿ ಬಾಷುಮಿಯಾ ನಾಲ್ವರಿಗೆ ಕಣ್ಣಸನ್ನೆ ಮಾಡಿದ. ಅವರು ಒಂದು ಬಂಡೆಯನ್ನು ಎತ್ತಿ ಒಂದು ತುದಿಯನ್ನು ಈಚೆ ಗೋಡೆಯ ಅಂಚಿಗೆ ತಾಗಿಸಿ, ಇನ್ನೊಂದು ತುದಿಯನ್ನು ಹಗ್ಗದಲ್ಲಿ ಹಿಡಿದು ಸಮ ಮಾಡಿದರು. ಆಚೆ ಗೋಡೆಗೂ ಬಂಡೆಗೂ ನಡುವೆ ಬೆಳಕು ಕಂಡಿತು. ಬಾಷುಮಿಯಾ ಆ ಸಂದಿಯಲ್ಲಿ ಬೆರಳು ಇಟ್ಟು ತೋರಿಸಿದ.

“ಅರ್ಧಾ ಇಂಚಿನ ಮ್ಯಾಲ. ಇತ್ತಾಗೊಂದು ಗೇಣು, ಅತ್ತಾಗೊಂದು ಗೇಣು ಗೋಡಿ ಮ್ಯಾಲ ಕೂಡಬೇಕಾಗಿದ್ದ ಬಂಡಿ, ಗೋಡಿಗೆ ಮುಟ್ಟಂಗೇ ಇಲ್ರಿ.”

“ಇರ್ಲಿ ಬಿಡೋ ಮಿಯಾ,” ಎಂದ ಹೊಲದವನೊಬ್ಬ, “ಮಳಿ ಬಿದ್ದ ಮ್ಯಾಲ ಬೆಳೀತಾವ.”

“ನಿನ್ನ ಎತ್ತು ಬೆಳೀಲಿಲ್ಲಲ್ಲೋ ಹತ್ತು ವರ್ಷ ಆದ್ರೂ,” ಎಂದ ಬಾಷುಮಿಯಾ. ಜನ ನಕ್ಕರು. ಬಾಷುಮಿಯಾ ಒಳಗಿನ ಜೇಬಿನಿಂದ ಮೂರನೆಯ ಹಾಳೆಯನ್ನು ತೆಗೆದು ಬಿಚ್ಚಿದ, ಅದರ ಮೇಲೆ ತನ್ನ ಉಕ್ಕಿನ ಪಟ್ಟಿ ಇಟ್ಟು ಚಂದ್ರಾಮಪ್ಪನಿಗೆ ಹಿಡಿದ. “ನೋಡ್ರಿ ಮಾಸ್ತರ. ಗೋಡಿ ಎರಡನೇ ಹಾಳಿ ನೋಡಿ ಕಟ್ಟಿದ್ವಿ. ಇದರಾಗ ಬಂಡಿಗೆ ಅಂಕಿ ಇಲ್ಲ. ಅಳದೆ. ಐವತ್ತರ ಸ್ಕೇಲಿಗೆ ಆರಡಿ ಹತ್ತಿಂಚು ಬಂತು. ಅದನ್ನೇ ಕಲ್ಲಿನವ್ರಿಗೆ ಹೇಳ್ದೆ. ಆ ಹುಡುಗಿ ಹಾಳಿ ಅಂತ ಗೊತ್ತಿದ್ರ ಅಳೀತಿದ್ದಿಲ್ರಿ, ಆಫೀಸಿಗೆ ಬಂದು ಕೇಳ್ತಿದ್ದೆ. ಮೂಲ್ಯಾಗ ನಿಮ್ಮ ಹೆಸರ ಇತ್ತು. ನಿಮ್ಮ ಹಾಳಿ ಅಂದ್ರ ಕೇಳೋದೇನದ ಅಂತ ಅಳದುಬಿಟ್ಟೆ.”

ಪಟ್ಟಿ ಬಿಸಿಲಿಗೆ ಹೊಳೆಯುತ್ತಿತ್ತು. ಬಾಷುಮಿಯಾನ ಹೆಬ್ಬೆರಳು ಅಂಕಿಯ ಮೇಲೆ ನಿಂತಿತ್ತು, ದೇವಕಮ್ಮ ಹೋದ ದಿನ ಜೋಳದ ದಂಟನ್ನು ಹಿಡಿದ ತನ್ನ ಹೆಬ್ಬೆರಳು ನಿಂತ ಹಾಗೆ. ಸಮಾಧಿಯ ಕುಣಿ ಹೋದವರ ಪಾದದಿಂದ ಒಂಬತ್ತು ಪಾದ ಉದ್ದ, ಐದು ಪಾದ ಅಗಲ ಎಂದಿದ್ದರು ಕ್ರಿಯೆ ಮಾಡಿಸುವ ಅಯ್ಯನವರು. ಅಳತಿ ನೀನೇ ತಗೋ ಚಂದ್ರಾಮಪ್ಪ, ನಿನ್ನ ಕೈ ಅಳತಿ ಕೈ. ಗೋಡೆಗೆ ಒರಗಿಸಿ ಕೂಡಿಸಿದ್ದ ದೇವಕಮ್ಮನ ಸೀರೆಯ ಅಂಚನ್ನು ಸ್ವಲ್ಪ ಸರಿಸಿ, ಹಿಮ್ಮಡಿಗೆ ದಂಟಿನ ಒಂದು ತುದಿ ತಾಗಿಸಿ, ಹೆಬ್ಬೆಟ್ಟಿನ ತುದಿಯಲ್ಲಿ ಉಗುರಿನಿಂದ ಗುರುತು ಮಾಡಿದ್ದ. ಮೂವತ್ತಾರು ವರ್ಷ ಮನೆಯೊಳಗೆ ಓಡಾಡಿದ ಪಾದ ಇಷ್ಟು ಚಿಕ್ಕದೆಂದು ಅವನಿಗೆ ಗೊತ್ತಿರಲಿಲ್ಲ. ಇಪ್ಪತ್ತೊಂದೂವರೆ ಸೆಂಟಿಮೀಟರು ಎಂದು ತಲೆ ತಾನಾಗಿಯೇ ಹೇಳಿತು, ಒಂಬತ್ತರಿಂದ ಗುಣಿಸಿಯೂ ಬಿಟ್ಟಿತು, ಒಂದು ಮೀಟರು ತೊಂಬತ್ತಮೂರು ಚಿಲ್ಲರೆ. ಅಳುವವರ ನಡುವೆ ಕೂತು ಗುಣಾಕಾರ ಮಾಡಿದ ತನ್ನ ತಲೆಯ ಬಗ್ಗೆ ಆಗಲೇ ಅವನಿಗೆ ಹೇಸಿಗೆಯಾಗಿತ್ತು. ಅಗೆಯುವವರು, ಸಣ್ಣದಾಗ್ತದ, ಇನ್ನೊಂದು ಗೇಣು ಹೆಚ್ಚಿಗಿ ತೆಗೀತೀವಿ ಎಂದಾಗ, ಬೇಡ ಎಂದಿದ್ದ. ಅಲ್ಲಿ ಸ್ಕೇಲು ಎಂಬುದೇ ಇರಲಿಲ್ಲ. ಅವಳಷ್ಟಕ್ಕೆ ಅವಳೇ ಅಳತೆ.

“ಆ ಹುಡುಗೀನ ತೆಗದೀನ್ರಿ ಸಾಹೇಬ್ರ,” ಎನ್ನುತ್ತಿದ್ದ ಭಾಗಣ್ಣ.

“ತೆಗದ್ರ ಮುಗೀತಾ?” ಬಸವಂತ್ರಾಯನ ದನಿ ಏರಲಿಲ್ಲ, ಆದರೆ ಗಟ್ಟಿಯಾಗಿತ್ತು. “ಹನ್ನೆರಡು ದಿನಕ್ಕ ನೀರು ಬಿಡ್ತಾರ. ಇವನ್ನ ಕೆಳಗಿನ ಸಣ್ಣ ಮೋರಿಗೆ ಹಾಕಸ್ತೀನಿ, ಇಲ್ಲಿಗೆ ಹೊಸಾವು ಕಡಸ್ತೀನಿ, ಅದು ನಡೀತದ. ಆದ್ರ ನಾಳಿ ಆಕಿ ಇನ್ನೊಂದು ಆಫೀಸಿಗೆ ಹೋಗಿ ಇದನ್ನೇ ಮಾಡ್ತಾಳ. ಯಾದಗಿರಿ, ಸುರಪುರ, ಎಲ್ಲಾ ಕಡಿ ನಕ್ಷಿ ಮಾಡೋವ್ರಿಗೆ ಹೇಳಿ ಇಡ್ತೀನಿ. ಆಕಿ ಕೈಯಾಗಿನ ಹಾಳಿ ಬಂದ್ರ ನಾವು ಮುಟ್ಟಂಗಿಲ್ಲ ಅಂತ.”

ಹಾಗಾದರೆ ಅವಳಿಗೆ ಈ ಕಸುಬೇ ಇಲ್ಲ, ಎಂದು ಚಂದ್ರಾಮಪ್ಪ ಯೋಚಿಸಿದ. ಯೋಚನೆ ಬಹಳ ಸಾವಕಾಶವಾಗಿ ಬಂತು. ಅವಳ ತಂದೆ ಹಸನಸಾಬ ಬಸ್ ನಿಲ್ದಾಣದ ಹತ್ತಿರ ಹೊಲಿಗೆ ಹಾಕುತ್ತಾನೆ. ಹೊಲಿಗೆ ಯಂತ್ರದ ಮುಂದೆ ಶರೀಫಾಬೀ ಕೂತದ್ದನ್ನು ಕಲ್ಪಿಸಿಕೊಂಡ. ಯಂತ್ರದ ಚಕ್ರ ತಿರುಗುತ್ತಿತ್ತು. ಹೇಳಿದರೆ ಏನಾಗುತ್ತದೆ ಎಂಬುದಕ್ಕಿಂತ, ಹೇಳುವಾಗ ತನ್ನ ದನಿ ಹೇಗೆ ಕೇಳಿಸುತ್ತದೆ ಎಂಬುದೇ ದೊಡ್ಡದಾಗಿ ಕಂಡಿತು.

“ಅದು ಆಕಿ ಮಾಡಿದ್ದಲ್ಲ,” ಎಂದ. ದನಿ ಸಾಧಾರಣವಾಗಿಯೇ ಇತ್ತು. “ಮೂರನೇ ಹಾಳಿ ನಾ ಮಾಡೀನಿ. ಸ್ಕೇಲು ಕೊಟ್ಟ ಮ್ಯಾಲ ಕೀಲಿ ಹಾಕಲಿಲ್ಲ. ಚಕ್ರ ತಿರುಗಿಸಿದೆ. ಬಂಡಿಗೆ ಅಂಕಿನೂ ಹಾಕಲಿಲ್ಲ.”

ಗಾಳಿಗೆ ಹಾಳೆಯ ಮೂಲೆ ಪಟಪಟ ಎಂದಿತು. ಬಾಷುಮಿಯಾ ಪಟ್ಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡ, ಮರ್ಯಾದೆಯಿಲ್ಲದ ವಸ್ತುವನ್ನು ಮುಚ್ಚಿಡುವವನಂತೆ.

“ಯಾವಾಗ ಮಾಡಿದ್ರಿ?” ಎಂದ ಬಸವಂತ್ರಾಯ.

ಚಂದ್ರಾಮಪ್ಪ ಬಾಯಿ ತೆರೆಯುವ ಮೊದಲೇ ಭಾಗಣ್ಣ ತಾರೀಖು ಲೆಕ್ಕ ಹಾಕಿದ್ದ. “ಹೋದ ತಿಂಗಳಲ್ರಿ ಸಾಹೇಬ್ರ. ಅವ್ವಾರು ತೀರಿಕೊಂಡು ಹದಿನೈದು ದಿನ ಆಗಿತ್ತೋ ಇಲ್ಲೋ. ನಾನೇ ತಪ್ಪು ಮಾಡಿದೆ, ಅಂಥಾ ದುಃಖದಾಗ ಇವ್ರ ಕೈಗೆ ಹಾಳಿ ಕೊಡಬಾರದಿತ್ತು.”

ಬಸವಂತ್ರಾಯ ಟೊಪ್ಪಿಗೆ ತೆಗೆದ. ಅವನ ಮುಖ ಇದ್ದಕ್ಕಿದ್ದಂತೆ ಮೆತ್ತಗಾಯಿತು. “ಹೋಗ್ಲಿ ಬಿಡ್ರಿ ಮಾಸ್ತರ. ಅಂಥಾ ಹೊತ್ತಿನ್ಯಾಗ ಯಾರ ಕೈ ನೆಟ್ಟಗ ಇರ್ತದ. ನಮ್ಮವ್ವ ತೀರಿಕೊಂಡ ವರ್ಷ ನಮ್ಮಪ್ಪ ಎರಡು ಸಲ ಅಂಗಿ ತಿರುಗಾ ಹಾಕ್ಕೊಂಡು ಮದುವಿಗೆ ಹೋಗಿದ್ದ.” ಬಾಷುಮಿಯಾ, ಅಲ್ಲಾನ ಮರ್ಜಿ, ಎಂದ. ಬಂಡೆ ಬೆಳೆಯುವ ಮಾತಾಡಿದ ಹೊಲದವನು ಬಂದು ಚಂದ್ರಾಮಪ್ಪನ ಮೊಣಕೈ ಮುಟ್ಟಿ ಹೋದ. ಎಲ್ಲರೂ ಅವನಿಗಾಗಿ ಮತ್ತೆ ಆ ಜಾಗ ಮಾಡಿಕೊಟ್ಟಿದ್ದರು. ಮೊದಲಿಗಿಂತ ದೊಡ್ಡ ಜಾಗ. ಹೌದು ಎಂದರೂ ಆಗುತ್ತಿತ್ತು, ಏನೂ ಹೇಳದೆ ತಲೆ ಬಗ್ಗಿಸಿದರೂ ಆಗುತ್ತಿತ್ತು. ಅವನು ತಲೆ ಬಗ್ಗಿಸಿದ.

ತಿರುಗಿ ಬರುವಾಗ ಭಾಗಣ್ಣ ಗಾಳಿಯಲ್ಲಿ ಕೂಗಿ ಕೂಗಿ ಮಾತಾಡುತ್ತಿದ್ದ, ಅವನಿಗೆ ಹಗುರಾಗಿತ್ತು. ಹುಡುಗೀನ ಇವತ್ತೇ ಕರೀತೀನಿ, ಮನೀಗೇ ಹೋಗಿ ಹೇಳೋಣ, ನೀವೂ ಬರ್ರಿ. ಚಂದ್ರಾಮಪ್ಪ ಹೂಂ ಎಂದ. ತಪ್ಪು ಒಪ್ಪಿದ್ದಾಯಿತು, ಅವಳ ಕೆಲಸ ಉಳಿಯಿತು, ತನಗೂ ಯಾರೂ ಒಂದು ಮಾತು ಅನ್ನಲಿಲ್ಲ. ಇಷ್ಟಾದರೆ ಸಾಕಲ್ಲವೇ? ಸಾಕಾಗಬೇಕಿತ್ತು. ಆದರೆ ಸತ್ತವಳನ್ನು ಸಾಕ್ಷಿಗೆ ನಿಲ್ಲಿಸಿ ಬಿಡಿಸಿಕೊಂಡು ಬಂದಂತಾಗಿತ್ತು. ಅವಳ ಸಲುವಾಗಿ ಕೈ ನಡುಗಿತೆಂದು ಹದಿನಾಲ್ಕು ಬಂಡೆಗಳ ಮುಂದೆ ಹೇಳಿಸಿದ್ದ. ಕೈ ನಡುಗಿರಲಿಲ್ಲ. ಕೈ ಆಟವಾಡಿತ್ತು. ಜೀವವಿದ್ದಾಗ ಅವಳ ಹೆಸರಿನಲ್ಲಿ ಅವನು ಎಂದೂ ಸುಳ್ಳು ಹೇಳಿರಲಿಲ್ಲ, ನೆಂಟರ ಮನೆಯ ಕೆಲಸ ತಪ್ಪಿಸಿಕೊಳ್ಳಲು ಕೂಡ. ನನ್ನ ಮೈಯಾಗ ಆರಾಮ ಇಲ್ಲ ಅಂತ ಹೇಳಬ್ಯಾಡ್ರಿ, ನಿಮಗ ಮನಸಿಲ್ಲ ಅಂತ ಹೇಳ್ರಿ, ಎನ್ನುತ್ತಿದ್ದಳು.

ಶರೀಫಾಬೀಯ ಮನೆ ಹಳೆಯ ಪೇಟೆಯ ಹಿಂದಿನ ಓಣಿಯಲ್ಲಿ. ಬಾಗಿಲ ಮುಂದೆ ನೀರು ಚಿಮುಕಿಸಿ ಗುಡಿಸಿತ್ತು. ಅವಳೇ ಹೊರಗೆ ಬಂದಳು, ಮೊಣಕೈವರೆಗೆ ಹಿಟ್ಟು. ಒಳಗಿನಿಂದ ಅವಳ ತಾಯಿಯ ದನಿ, ಯಾರು ಬಂದಾರ, ಎಂದು ಕೇಳಿತು. ಮಾಸ್ತರ, ಎಂದಳು ಅವಳು, ಭಾಗಣ್ಣನ ಹೆಸರು ಹೇಳದೆ.

“ನಾಳಿಯಿಂದ ಬಾರವ್ವ ಕೆಲಸಕ್ಕ,” ಎಂದ ಭಾಗಣ್ಣ. “ಆ ಹಾಳಿ ನಿಂದಲ್ಲಂತ. ಮಾಸ್ತರ ತಾವಾಗೇ ಇಂಜಿನಿಯರ ಮುಂದ ಹೇಳಿದ್ರು. ಆಗಿನ್ನೂ ಅವ್ವಾರು ಹೋಗಿ ಎರಡು ವಾರ. ಇವ್ರು ಎಂಥಾ ದುಃಖದಾಗ ಇದ್ರು, ನಿನಗೂ ಗೊತ್ತಲ್ಲ.”

ಶರೀಫಾಬೀ ಬೆರಳಿನ ಹಿಟ್ಟನ್ನು ಉಜ್ಜಿ ಉದುರಿಸುತ್ತ ಚಂದ್ರಾಮಪ್ಪನನ್ನು ನೋಡಿದಳು. ಸೋಮವಾರ ನೋಡಿದ್ದು ಹೀಗೆಯೇ.

“ಹೌದ್ರಿ,” ಎಂದಳು. “ಭಾಳ ದುಃಖದಾಗ ಇದ್ರು. ನಾ ಬಾಜೂಕೇ ಕುಂತಿದ್ದೆ. ನೋಡೀನಿ.”

ಚಂದ್ರಾಮಪ್ಪನಿಗೆ ಆಗ ತಿಳಿಯಿತು. ಅವಳು ಪಕ್ಕದಲ್ಲೇ ಕೂತಿದ್ದಳು. ಭಜಿಯ ಕಾಗದ ಬಿಚ್ಚಿದವಳು ಅವಳು. ಪದ ಗುನುಗಿದ್ದನ್ನು ಕೇಳಿದ್ದಳು, ಚಕ್ರ ತಿರುಗುವುದನ್ನು ಕಂಡಿದ್ದಳು. ಸೋಮವಾರ ಅವಳಿಗೆ ಎಲ್ಲ ಗೊತ್ತಿತ್ತು. ತಾನು ಮಾಡಿಲ್ಲ ಎನ್ನಬೇಕಾದರೆ ಮಾಸ್ತರು ಮಾಡಿದರು ಎನ್ನಬೇಕಿತ್ತು. ಹೇಗೆ ಎಂದು ಭಾಗಣ್ಣ ಕೇಳಿದರೆ, ಹೆಂಡತಿ ಸತ್ತ ಹದಿನಾರನೆಯ ದಿನ ಮುದುಕ ಹಾಡಿಕೊಳ್ಳುತ್ತಿದ್ದ ಎಂದು ಹೇಳಬೇಕಾಗುತ್ತಿತ್ತು. ಅದನ್ನು ಹೇಳದೆ ಅವಳು ಡಬ್ಬಿ ಎತ್ತಿಕೊಂಡು ಹೋಗಿದ್ದಳು. ಈಗಲೂ, ಕೇಳದಿದ್ದರೂ, ಅವನ ಪರವಾಗಿ ಸುಳ್ಳು ಹೇಳುತ್ತಿದ್ದಾಳೆ.

“ಇಲ್ಲ ಶರೀಫಾ,” ಎಂದ. ಭಾಗಣ್ಣನ ಕಡೆ ತಿರುಗಿದ. “ಭಾಗಣ್ಣ, ಅವತ್ತು ನಾ ದುಃಖದಾಗ ಇದ್ದಿದ್ದಿಲ್ಲ. ಖುಷಿ ಇದ್ದೆ. ಪದಾ ಗುನುಗಾಕತ್ತಿದ್ದೆ. ಮಿರ್ಚಿ ಭಜಿ ತಿಂದಿದ್ದೆ. ಮನಸು ಎಷ್ಟು ಹಗುರ ಇತ್ತಂದ್ರ ಸ್ಕೇಲಿನ ಮ್ಯಾಲ ನಿಗಾನೇ ಇದ್ದಿದ್ದಿಲ್ಲ. ಈಕಿ ನೋಡ್ಯಾಳ. ನನ್ನ ಮಾನ ಉಳಸಾಕ ಸುಮ್ಮನಿದ್ದಾಳ.”

ಭಾಗಣ್ಣ ಕೀಲಿಕೈಯನ್ನು ಒಂದು ಬೆರಳಿನಿಂದ ಇನ್ನೊಂದಕ್ಕೆ ಬದಲಿಸಿದ. “ಎಂಥಾ ಮಾತ್ರಿ ಮಾಸ್ತರ,” ಎಂದ, ಆಮೇಲೆ ಮೋಟರ್ ಸೈಕಲ್ಲಿನ ಕಡೆ ನೋಡಿದ. ಅವನ ಮುಖದಲ್ಲಿದ್ದ ಮರುಕ ಇಳಿಯುವುದನ್ನು ಚಂದ್ರಾಮಪ್ಪ ಕಂಡ. ಅದರ ಜಾಗಕ್ಕೆ ಏನು ಬರುತ್ತದೆಂದು ಕಾದ. ಏನೂ ಬರಲಿಲ್ಲ.

“ನಾಕು ತಿಂದಿದ್ರಿ,” ಎಂದಳು ಶರೀಫಾಬೀ. “ನಂದೂ ಒಂದು ಸೇರಿ.”

ಒಳಗೆ ಹೆಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು. ತಾಯಿ ಏನೋ ಗೊಣಗಿ ತಿರುವಿ ಹಾಕಿದಳು. ಶರೀಫಾಬೀ ಹೊಸ್ತಿಲಿನಿಂದ ಒಂದು ಹೆಜ್ಜೆ ಕೆಳಗೆ ಇಳಿದಳು.

“ಯಾಕ ಖುಷಿ ಇದ್ರಿ ಮಾಸ್ತರ, ಅವತ್ತು?”

ತಪ್ಪು ಹುಡುಕುವ ದನಿಯಲ್ಲ ಅದು. ಗೆರೆ ಎಲ್ಲಿಂದ ಶುರುವಾಗುತ್ತದೆ ಎಂದು ಕೇಳಿದಷ್ಟೇ ಸಹಜವಾಗಿ ಕೇಳಿದಳು. ಇಪ್ಪತ್ತೈದು ದಿನದಿಂದ ಅವನು ತನ್ನನ್ನು ತಾನು ಕೇಳಿಕೊಂಡದ್ದು ಹೇಗೆ ಖುಷಿಪಟ್ಟೆ ಎಂದು. ಯಾಕೆ ಎಂದು ಕೇಳಿಕೊಂಡಿರಲಿಲ್ಲ. ಅವನು ಓಣಿಯಲ್ಲಿ ನಿಂತೇ ಆ ಮಧ್ಯಾಹ್ನಕ್ಕೆ ಹೋದ. ಕಿಟಕಿ ಸರಿಯಾಗಿ ಕೂತಿತ್ತು. ಯಾರ ಸಹಾಯವೂ ಇಲ್ಲದೆ, ಈ ವಯಸ್ಸಿನಲ್ಲಿ, ಮೊದಲ ಸಲಕ್ಕೆ ಕೂತಿತ್ತು. ಅವನು ಗೋಡೆಯ ಗಡಿಯಾರ ನೋಡಿದ್ದ. ಐದಕ್ಕೆ ಕಾಲು ಗಂಟೆ ಕಮ್ಮಿ.

“ಸಂಜಿಕ ಮನೀಗೆ ಹೋಗಿ ಆಕಿಗೆ ಹೇಳಬೇಕು ಅಂತ ಇತ್ತು,” ಎಂದ.